ನೋವು ಗರ್ಭಕೋಶದ್ದೋ, ಕರುಳಿನದೋ?

ಬೆಳಗಿನ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳನ್ನು ನೀವು ನೋಡಿಯೇ ಇರುತ್ತೀರಿ. ಹಾನಗಲ್ಲ, ಸವಣೂರುಗಳಿಂದ ಹಾವೇರಿಗೆ, ಶಿಗ್ಗಾವಿಯಿಂದ ಹುಬ್ಬಳ್ಳಿಗೆ, ಹಿರೇಕೆರೂರಿನಿಂದ ರಾಣೆಬೆನ್ನೂರಿಗೆ ಅವರ ದಂಡು ದಿನವೂ ಹೊರಡುತ್ತದೆ. ಈ ದಂಡಿನಲ್ಲಿ ಒಬ್ಬಳು ಪ್ರತಿ ತಿಂಗಳೂ ಎರಡು ಮೂರು ದಿನ ಕಾಣಿಸುವುದಿಲ್ಲ ಎಂದಿಟ್ಟುಕೊಳ್ಳಿ. ಅವಳಿಗೆ ಹೆಸರು ಬೇಡ. ಇಂಥವಳು ಪ್ರತಿ ಊರಿನಲ್ಲೂ ಇರುತ್ತಾಳೆ.

ಮುಟ್ಟಿನ ದಿನ ಅವಳು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮೂಲೆಯಲ್ಲಿ ಮಲಗುತ್ತಾಳೆ. “ಎಲ್ಲಾರಿಗೂ ಬರೂದ ನೋವು, ತಡಕೋಬೇಕವ್ವ” ಎನ್ನುತ್ತಾಳೆ ತಾಯಿ. “ಖಾರ ಕಡಿಮಿ ತಿನ್ನು, ಉಷ್ಣ ಆಗೇತಿ” ಎನ್ನುತ್ತಾಳೆ ಅಜ್ಜಿ. ತಂದೆಗೆ ಹೇಳುವುದು “ಆರಾಮಿಲ್ಲ” ಎಂಬ ಒಂದೇ ಮಾತು. ಔಷಧದಂಗಡಿಯಿಂದ ಗುಳಿಗೆ ಬರುತ್ತದೆ. ಮೊದಲು ಒಂದಕ್ಕೆ ನಿಲ್ಲುತ್ತಿದ್ದ ನೋವು ಬರಬರುತ್ತ ನಾಲ್ಕಕ್ಕೂ ನಿಲ್ಲುವುದಿಲ್ಲ. ಪಿಯುಸಿ ಎರಡನೆಯ ವರ್ಷಕ್ಕೆ ಬರುವ ಹೊತ್ತಿಗೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ದಿನಕ್ಕೆ ನಾಲ್ಕಾರು ಬಾರಿ ಭೇದಿ, ಆಗಾಗ ಅದರಲ್ಲಿ ರಕ್ತ. ಒಬ್ಬರು ಮೂಲವ್ಯಾಧಿ ಎನ್ನುತ್ತಾರೆ, ಇನ್ನೊಬ್ಬರು ಆಮಶಂಕೆ ಎನ್ನುತ್ತಾರೆ, ಮತ್ತೊಬ್ಬರು ಪರೀಕ್ಷೆಯ ಹೆದರಿಕೆ ಎಂದು ನಗುತ್ತಾರೆ. ಕೊನೆಗೆ ನೆಂಟರೊಬ್ಬರು ತೀರ್ಪು ಕೊಡುತ್ತಾರೆ: “ಲಗ್ನ ಮಾಡ್ರಿ, ಒಂದು ಕೂಸಾದ್ರ ಎಲ್ಲಾ ಸರಿ ಹೋಗ್ತದ.”

ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಇವರೆಲ್ಲರ ಮಾತು ಕೇಳುತ್ತ ಹೋದರೆ ಹುಡುಗಿಯ ಎರಡು ಮೂರು ವರ್ಷ ಕಳೆದುಹೋಗುತ್ತವೆ. ಈ ವಾರ ಇಂಥ ನೋವಿನ ಹಿಂದೆ ಇರಬಹುದಾದ ಎರಡು ಕಾಯಿಲೆಗಳನ್ನೂ ಅವುಗಳ ನಡುವಿನ ನಂಟನ್ನೂ ನೋಡೋಣ. ಒಂದು ಎಂಡೊಮೆಟ್ರಿಯೋಸಿಸ್, ಇನ್ನೊಂದು ಕರುಳಿನ ಉರಿಯೂತದ ಕಾಯಿಲೆ.

ಸಹಜ ನೋವು ಯಾವುದು?

ಮುಟ್ಟಿನ ಹೊಟ್ಟೆನೋವು ಬಹುಪಾಲು ಹೆಣ್ಣುಮಕ್ಕಳಲ್ಲಿ ಸಹಜವಾದದ್ದೇ. ಗರ್ಭಕೋಶದ ಒಳಪದರ ಕಳಚಿಕೊಳ್ಳುವಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹೊರಬರುತ್ತವೆ. ಅವು ಗರ್ಭಕೋಶದ ಸ್ನಾಯುಗಳನ್ನು ಹಿಂಡುತ್ತವೆ. ಆ ಹಿಂಡುವಿಕೆಯೇ ನೋವು. ಗರ್ಭಕೋಶಕ್ಕೆ ಅಂಟಿಕೊಂಡಂತೆಯೇ ಕರುಳು ಇರುವುದರಿಂದ ಅದೂ ಸ್ವಲ್ಪ ಚುರುಕಾಗುತ್ತದೆ. ಮೊದಲ ದಿನ ಒಂದೆರಡು ಸಲ ಸಡಿಲ ಭೇದಿಯಾಗುವುದು ಇದೇ ಕಾರಣಕ್ಕೆ. ಇದಕ್ಕೆ ಗಾಬರಿ ಬೇಡ.

ಸಹಜ ನೋವಿಗೆ ಒಂದು ಮಿತಿ ಇದೆ. ಅದು ಮೊದಲ ಒಂದೆರಡು ದಿನ ಇರುತ್ತದೆ. ಬಿಸಿನೀರಿನ ಚೀಲಕ್ಕೋ ವೈದ್ಯರು ಹೇಳಿದ ಒಂದೆರಡು ಗುಳಿಗೆಗೋ ಬಗ್ಗುತ್ತದೆ. ಹುಡುಗಿ ಕಾಲೇಜಿಗೆ ಹೋಗಬಲ್ಲಳು, ಊಟ ಮಾಡಬಲ್ಲಳು, ರಾತ್ರಿ ನಿದ್ದೆ ಮಾಡಬಲ್ಲಳು. ಪ್ರತಿ ತಿಂಗಳೂ ಪಾಠ ತಪ್ಪಿಸುವ, ಗುಳಿಗೆಗೆ ಬಗ್ಗದ, ಮುಟ್ಟು ನಿಂತ ಮೇಲೂ ಉಳಿಯುವ ನೋವು ಈ ಮಿತಿಯನ್ನು ಮೀರಿದ್ದು. ಅದಕ್ಕೆ ಕಾರಣ ಹುಡುಕಲೇಬೇಕು. ತಾಯಿಯೂ ಅಷ್ಟೇ ನೋವು ತಿಂದಿದ್ದಳು ಎಂಬುದು ಸುಮ್ಮನಿರಲು ಕಾರಣವಲ್ಲ. ಅದಕ್ಕೆ ಬದಲು ಬೇಗ ತೋರಿಸಲು ಅದೇ ಕಾರಣ, ಏಕೆಂದರೆ ಎಂಡೊಮೆಟ್ರಿಯೋಸಿಸ್ ಮನೆತನದಲ್ಲಿ ಹರಿದು ಬರುವುದುಂಟು.

ಜಾಗ ತಪ್ಪಿದ ಪದರ

ಗರ್ಭಕೋಶದ ಒಳಪದರಕ್ಕೆ ಎಂಡೊಮೆಟ್ರಿಯಂ ಎಂದು ಹೆಸರು. ಇದನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಒಳಹಾಸಿನ ಮೇಲೆ, ಮೂತ್ರಕೋಶ ಅಥವಾ ಕರುಳಿನ ಮೇಲೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಅದೂ ತಿಂಗಳ ಹಾರ್ಮೋನುಗಳ ಮಾತು ಕೇಳುತ್ತದೆ. ಒಳಗಿನ ಪದರದಂತೆ ಅದೂ ಊದಿಕೊಳ್ಳುತ್ತದೆ, ರಕ್ತ ಒಸರುತ್ತದೆ. ಒಳಗಿನ ರಕ್ತಕ್ಕೆ ಹೊರಹೋಗುವ ದಾರಿ ಇದೆ, ಇದಕ್ಕೆ ಇಲ್ಲ. ಆದ್ದರಿಂದ ಸುತ್ತಲೂ ಉರಿಯೂತವಾಗುತ್ತದೆ, ಕಾಲಕ್ರಮದಲ್ಲಿ ಗಾಯದ ಕಲೆಯಂತಹ ನಾರು ಬೆಳೆದು ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ನೂರಕ್ಕೆ 10 ಮಂದಿಗೆ, ಜಗತ್ತಿನಲ್ಲಿ ಒಟ್ಟು 19 ಕೋಟಿಯಷ್ಟು ಜನರಿಗೆ, ಈ ಕಾಯಿಲೆ ಇದೆ. ಐವತ್ತು ಹುಡುಗಿಯರ ತರಗತಿಯಲ್ಲಿ ಮುಂದೆ ಐದು ಮಂದಿಗೆ ಬರಬಹುದಾದ ಕಾಯಿಲೆ ಎಂದರೆ ಅಪರೂಪದ್ದೇನೂ ಅಲ್ಲ.

ಇದು ಏಕೆ ಬರುತ್ತದೆ? ಮುಟ್ಟಿನ ರಕ್ತದ ಒಂದಂಶ ಗರ್ಭನಾಳಗಳ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ, ಅದರಲ್ಲಿನ ಜೀವಕೋಶಗಳು ಅಲ್ಲಿ ಬೇರು ಬಿಡುತ್ತವೆ ಎಂದು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1927ರಲ್ಲಿ ವಾದಿಸಿದರು. ಈ ವಾದ ಇಂದಿಗೂ ಮುಖ್ಯವಾಗಿಯೇ ಉಳಿದಿದೆ. ಆದರೆ ಹೀಗೆ ರಕ್ತ ಹಿಂದಕ್ಕೆ ಹರಿಯುವುದು ಬಹುತೇಕ ಎಲ್ಲ ಹೆಣ್ಣುಮಕ್ಕಳಲ್ಲೂ ಉಂಟು, ಕಾಯಿಲೆ ಬರುವುದು ಮಾತ್ರ ಹತ್ತರಲ್ಲಿ ಒಬ್ಬರಿಗೆ. ಉಳಿದ ಒಂಬತ್ತು ಜನರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಆ ಜೀವಕೋಶಗಳನ್ನು ಗುಡಿಸಿ ಹಾಕುತ್ತದೆ, ಈ ಒಬ್ಬಳಲ್ಲಿ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ ಎಂದು ತಜ್ಞರು ಭಾವಿಸುತ್ತಾರೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತನ್ನ ಮನೆಗೇ ಬೆಂಕಿ

ಎರಡನೆಯದು ಕರುಳಿನ ಉರಿಯೂತದ ಕಾಯಿಲೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ಎಂಬುದು ದೊಡ್ಡ ಕರುಳಿಗೆ ಸೀಮಿತ. ಗುದನಾಳದಿಂದ ಆರಂಭವಾಗಿ ಮೇಲಕ್ಕೆ ಹರಡುತ್ತದೆ, ಒಳಗೋಡೆಯಲ್ಲಿ ಹುಣ್ಣು ಮಾಡುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯುತ್ತದೆ. ನ್ಯೂಯಾರ್ಕಿನ ಬರ್ರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ಇದನ್ನು ವಿವರಿಸಿದ್ದರಿಂದ ಈ ಹೆಸರು.

ಎರಡರಲ್ಲೂ ಆಗುವುದು ಇಷ್ಟು: ಹೊರಗಿನ ಶತ್ರುವಿನ ಮೇಲೆ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಹರೆಯದಲ್ಲಿ ಮತ್ತು ಯೌವನದಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು, ಅಂದರೆ ಓದುವ ವಯಸ್ಸಿನಲ್ಲೇ. ವಾರಗಟ್ಟಲೆ ನಿಲ್ಲದ ಭೇದಿ, ಮಲದಲ್ಲಿ ರಕ್ತ ಮತ್ತು ಲೋಳೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಮಲಬಾಧೆ, ತೂಕ ಇಳಿಯುವುದು, ಸಣ್ಣ ಜ್ವರ, ಬಾಯಿಹುಣ್ಣು, ಕೀಲುನೋವು, ಗುದದ ಬಳಿ ಕೀವು, ರಕ್ತಹೀನತೆ ಇದರ ಲಕ್ಷಣಗಳು. ಚಿಕ್ಕ ಹುಡುಗಿಯರಲ್ಲಿ ಬೆಳವಣಿಗೆ ಕುಂಠಿತವಾಗಿ ಮೈನೆರೆಯುವುದೂ ತಡವಾಗಬಹುದು. ಖಾರ ತಿಂದದ್ದರಿಂದ ಈ ಕಾಯಿಲೆ ಬರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ನಾಡಿನಲ್ಲಿ ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕಾಯಿಲೆ ಕೆರಳಿದಾಗ ಖಾರ ಉರಿ ತರಬಹುದು, ಆದರೆ ಮೂಲ ಅದಲ್ಲ.

ಬಹುಕಾಲ ಇದನ್ನು ಪಾಶ್ಚಾತ್ಯರ ಕಾಯಿಲೆ ಎಂದೇ ಭಾವಿಸಲಾಗಿತ್ತು. ಆದರೆ ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿ 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ ಸುಮಾರು 44 ಮಂದಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಕಂಡುಬಂತು. ಎಂಡೊಮೆಟ್ರಿಯೋಸಿಸ್‌ಗೆ ಹೋಲಿಸಿದರೆ ಇದು ಬಹಳ ಕಡಿಮೆ, ಆದರೆ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಇದರ ಹೆಸರಿನೊಂದಿಗೆ ಗೊಂದಲವಾಗುವ ಇನ್ನೊಂದಿದೆ, ಐಬಿಎಸ್. ಅದರಲ್ಲಿ ಕರುಳು ಸಿಡುಕುತ್ತದೆ, ಹೊಟ್ಟೆಯುಬ್ಬರ, ನೋವು, ಭೇದಿ ಅಥವಾ ಮಲಬದ್ಧತೆ ಇರುತ್ತದೆ. ಆದರೆ ಹುಣ್ಣಾಗುವುದಿಲ್ಲ, ರಕ್ತ ಬರುವುದಿಲ್ಲ. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಐಬಿಎಸ್ ಎಂಬ ಹಣೆಪಟ್ಟಿ ಬಹಳ ಸಾಮಾನ್ಯ. ಮಲದಲ್ಲಿ ರಕ್ತ ಕಂಡ ಮೇಲೂ ಅದೇ ಹಣೆಪಟ್ಟಿ ಹಚ್ಚಿಕೊಂಡು ಕೂಡ್ರಬಾರದು.

ಒಂದೇ ಗೋಡೆಯ ಎರಡು ಮನೆ

ಗರ್ಭಕೋಶದ ಬೆನ್ನಿಗೇ ಗುದನಾಳ ಮತ್ತು ದೊಡ್ಡ ಕರುಳಿನ ಕೊನೆಯ ತಿರುವು ಇವೆ. ಕರುಳಿಗೆ ಎಂಡೊಮೆಟ್ರಿಯೋಸಿಸ್ ಹತ್ತಿದರೆ ಹೆಚ್ಚಾಗಿ ಹತ್ತುವುದು ಈ ಜಾಗಕ್ಕೇ. ಆಗ ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕೂತರೆ ಚೂರಿ ಹಾಕಿದಂತಹ ನೋವು, ಭೇದಿ, ಕೆಲವೊಮ್ಮೆ ರಕ್ತ. ನೋಡಿದರೆ ಕೊಲೈಟಿಸ್ ಎಂದೇ ಅನಿಸಬೇಕು.

ಇದರ ವಿರುದ್ಧವೂ ನಿಜ. ಕರುಳಿನ ಉರಿಯೂತ ಇರುವ ಅನೇಕ ಹೆಣ್ಣುಮಕ್ಕಳಲ್ಲಿ ಭೇದಿ ಮತ್ತು ನೋವು ಮುಟ್ಟಿನ ದಿನಗಳಲ್ಲಿ ಹೆಚ್ಚಾಗುತ್ತವೆ. ಆದ್ದರಿಂದ “ಮುಟ್ಟಿನಾಗ ಮಾತ್ರ ಜಾಸ್ತಿ ಆಗ್ತದ, ಅಂದ ಮ್ಯಾಲೆ ಇದು ಗರ್ಭಕೋಶದ್ದ” ಎಂದು ಮನೆಯಲ್ಲೇ ತೀರ್ಮಾನಿಸಲಾಗದು. ನಮ್ಮ ದೇಶದಲ್ಲಿ ಮೂರನೆಯ ಆರೋಪಿಯೂ ಇದೆ, ಕ್ಷಯ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ಕಾಯಿಲೆಗಳನ್ನು ಬೇರ್ಪಡಿಸುವುದು ತಜ್ಞರಿಗೂ ಕಷ್ಟ. ಕ್ಷಯ ಇರುವವರಿಗೆ ಕ್ರೋನ್ಸ್ ಎಂದು ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಉಲ್ಬಣಿಸುತ್ತದೆ. ಈ ಕಾರಣಕ್ಕಾಗಿಯೇ ತುಣುಕು ತೆಗೆದು ಪರೀಕ್ಷಿಸದೆ ದೀರ್ಘಕಾಲದ ಔಷಧ ಆರಂಭಿಸಲು ಒಳ್ಳೆಯ ವೈದ್ಯರು ಹಿಂಜರಿಯುತ್ತಾರೆ.

ಹಾಗಾದರೆ ಈ ಎರಡೂ ಕಾಯಿಲೆಗಳು ಒಬ್ಬಳಲ್ಲೇ ಇರಬಹುದೇ? ಇರಬಹುದು. ಈ ಪ್ರಶ್ನೆಗೆ ದೊಡ್ಡ ಉತ್ತರ ಬಂದದ್ದು ಡೆನ್ಮಾರ್ಕಿನಿಂದ. ಆ ಪುಟ್ಟ ದೇಶದಲ್ಲಿ ಪ್ರತಿಯೊಬ್ಬರ ಆಸ್ಪತ್ರೆಯ ದಾಖಲೆಯೂ ಒಂದೆಡೆ ಸಿಗುತ್ತದೆ. 1977ರಿಂದ 2007ರವರೆಗೆ ಎಂಡೊಮೆಟ್ರಿಯೋಸಿಸ್‌ಗಾಗಿ ಆಸ್ಪತ್ರೆ ಸೇರಿದ 37,661 ಹೆಂಗಸರನ್ನು ಅಲ್ಲಿನ ಸಂಶೋಧಕರು ದಾಖಲೆಗಳ ಮೂಲಕ ಹಿಂಬಾಲಿಸಿದರು. ಇವರಲ್ಲಿ 320 ಮಂದಿಗೆ ಮುಂದೆ ಕರುಳಿನ ಉರಿಯೂತದ ಕಾಯಿಲೆ ಬಂತು: 228 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್, 92 ಮಂದಿಗೆ ಕ್ರೋನ್ಸ್. ಇದು ಉಳಿದ ಹೆಂಗಸರಲ್ಲಿ ನಿರೀಕ್ಷಿಸಬಹುದಾದ ಪ್ರಮಾಣದ ಒಂದೂವರೆ ಪಟ್ಟು. ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಾರೆ ಕಂಡು ಖಚಿತವಾದ ಎಂಡೊಮೆಟ್ರಿಯೋಸಿಸ್‌ನವರಲ್ಲಿ ಪ್ರಮಾಣ ಇನ್ನೂ ತುಸು ಹೆಚ್ಚಿತ್ತು. ಇಪ್ಪತ್ತು ವರ್ಷ ಕಳೆದ ಮೇಲೂ ಈ ಹೆಚ್ಚಳ ಉಳಿದಿತ್ತು. ಫಲಿತಾಂಶ ಪ್ರಕಟವಾದದ್ದು 2012ರಲ್ಲಿ.

ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಒಂದೂವರೆ ಪಟ್ಟು ಎಂದರೆ ಕಡೆಗಣಿಸುವಂಥದ್ದಲ್ಲ. ಆದರೆ 37,661ರಲ್ಲಿ 320 ಎಂದರೆ ನೂರಕ್ಕೆ ಒಬ್ಬರಿಗೂ ಕಡಿಮೆ. ನೂರರಲ್ಲಿ ತೊಂಬತ್ತೊಂಬತ್ತು ಮಂದಿಗೆ ಎರಡನೆಯ ಕಾಯಿಲೆ ಬರಲಿಲ್ಲ. ಆದ್ದರಿಂದ ಮಗಳಿಗೆ ಎಂಡೊಮೆಟ್ರಿಯೋಸಿಸ್ ಎಂದು ಗೊತ್ತಾದ ಕೂಡಲೆ ಕರುಳೂ ಹೋಯಿತೆಂದು ಹೆದರಬೇಕಾಗಿಲ್ಲ. ಹಾಗೆಯೇ ಮಲದಲ್ಲಿ ರಕ್ತ ಬಂದರೆ “ಅದಕ್ಕ ಮೊದಲ ಕಾರಣ ಗೊತ್ತಾಗೇತಲ್ಲ” ಎಂದು ಸುಮ್ಮನಿರಲೂಬಾರದು. ಒಂದು ಕಾಯಿಲೆ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬೇಡಿ. ಈ ಲೇಖನದಲ್ಲಿ ಒಂದೇ ವಾಕ್ಯ ನೆನಪಿಡುವುದಾದರೆ ಇದನ್ನು ನೆನಪಿಡಿ.

ನಂಟಿಗೆ ಕಾರಣವೇನು? ಹಿಂದೆ ಹೇಳಿದ ಮಾತು ಇಲ್ಲಿ ಬರುತ್ತದೆ. ಒಂದರಲ್ಲಿ ರೋಗನಿರೋಧಕ ವ್ಯವಸ್ಥೆ ಗುಡಿಸಬೇಕಾದದ್ದನ್ನು ಗುಡಿಸುವುದಿಲ್ಲ, ಇನ್ನೊಂದರಲ್ಲಿ ಮುಟ್ಟಬಾರದ್ದನ್ನು ಮುಟ್ಟುತ್ತದೆ. ಎರಡರಲ್ಲೂ ಉರಿಯೂತ ಆರದೆ ಉಳಿಯುತ್ತದೆ. ಮೂಲದಲ್ಲಿ ಇವೆರಡಕ್ಕೂ ಸಮಾನವಾದ ದೋಷವಿರಬಹುದು ಎಂಬುದು ಒಂದು ಊಹೆ. ಚಿಕಿತ್ಸೆಗೆ ಬಳಸುವ ಔಷಧಗಳ ಪಾತ್ರವೂ ಇರಬಹುದು ಎಂಬುದು ಇನ್ನೊಂದು. ಆಸ್ಪತ್ರೆಗೆ ಪದೇಪದೇ ಹೋಗುವವರಲ್ಲಿ ಎರಡನೆಯ ಕಾಯಿಲೆ ಬೇಗ ಪತ್ತೆಯಾಗುವುದೂ ಸಹಜವೇ. ಒಂದು ಇನ್ನೊಂದನ್ನು ಹುಟ್ಟಿಸುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ.

ಗುಳಿಗೆಯ ಲೆಕ್ಕ

ಅಂಗಡಿಯಿಂದ ತರುವ ಮೆಫೆನಾಮಿಕ್ ಆಮ್ಲ, ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆಗಳು ಪ್ರೊಸ್ಟಗ್ಲಾಂಡಿನ್ ಉತ್ಪತ್ತಿಯನ್ನೇ ತಡೆಯುತ್ತವೆ. ಸಹಜ ಮುಟ್ಟಿನ ನೋವಿಗೆ ಎರಡು ಮೂರು ದಿನದ ಮಟ್ಟಿಗೆ ಇವು ಸರಿಯಾದ ಔಷಧವೇ. ಆದರೆ ಕರುಳಿನ ಉರಿಯೂತ ಇರುವವರಲ್ಲಿ ಇವು ಕಾಯಿಲೆಯನ್ನು ಕೆರಳಿಸಬಹುದು. ಅಮೆರಿಕದ ದಾದಿಯರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೀರ್ಘ ಅಧ್ಯಯನದಲ್ಲಿ, ತಿಂಗಳಿಗೆ ಹದಿನೈದು ದಿನ ಅಥವಾ ಹೆಚ್ಚು ಇಂಥ ಗುಳಿಗೆ ನುಂಗುತ್ತಿದ್ದವರಲ್ಲಿ ಕರುಳಿನ ಉರಿಯೂತದ ಕಾಯಿಲೆ ಹೆಚ್ಚಾಗಿ ಕಂಡುಬಂತು. ಮೆಫೆನಾಮಿಕ್ ಆಮ್ಲದಿಂದ ಅಪರೂಪಕ್ಕೆ ಜ್ವರ, ಮೈಮೇಲೆ ದದ್ದು, ಒಳಾಂಗಗಳಿಗೂ ತಟ್ಟುವ ತೀವ್ರ ಅಲರ್ಜಿ ಉಂಟಾಗಬಹುದೆಂದು ಭಾರತೀಯ ಔಷಧಸಂಹಿತಾ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಸಿದೆ.

ಹೀಗಾಗಿ ಎಷ್ಟು ಗುಳಿಗೆ, ಎಷ್ಟು ದಿನ ಎಂದು ಬರೆದಿಡಿ. ಗುಳಿಗೆಯ ಲೆಕ್ಕ ತಿಂಗಳಿನಿಂದ ತಿಂಗಳಿಗೆ ಏರುತ್ತಿದ್ದರೆ ಅದೇ ವೈದ್ಯರ ಬಳಿಗೆ ಹೋಗುವ ಸೂಚನೆ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆ ತಿಂದಾಗ ಮಲ ಕಪ್ಪಾಗುವುದು ಸಹಜ. ಕೆಂಪು ರಕ್ತ ಸಹಜವಲ್ಲ.

ಗರ್ಭಚೀಲ ತೆಗೆಸಿದರೆ?

ಹೊಟ್ಟೆನೋವೆಂದು ಬಂದ ಹೆಂಗಸಿಗೆ ಗರ್ಭಚೀಲ ತೆಗೆಸುವ ಸಲಹೆ ನಮ್ಮ ಭಾಗದಲ್ಲಿ ಬಹಳ ಸುಲಭವಾಗಿ ಸಿಕ್ಕಿದೆ. ರಾಣೆಬೆನ್ನೂರಿನ ಸರಕಾರಿ ಆಸ್ಪತ್ರೆಯಲ್ಲಿ 2014ರಿಂದ 2017ರ ನಡುವೆ ನೂರಾರು ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಯಿತೆಂಬ ಆರೋಪ ಹಾವೇರಿ ಜಿಲ್ಲೆಯವರಿಗೆ ಹೊಸದಲ್ಲ. ಅವರಲ್ಲಿ ಬಹಳಷ್ಟು ಮಂದಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು. ಪರಿಹಾರ ಕೇಳಿಕೊಂಡು ಅವರು 2022ರಲ್ಲಿ ಶಿಗ್ಗಾವಿಯಲ್ಲಿದ್ದ ಆಗಿನ ಮುಖ್ಯಮಂತ್ರಿಗಳ ಮನೆಯತ್ತ ಪಾದಯಾತ್ರೆ ಹೊರಟಿದ್ದರು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲಿನಲ್ಲಿ ಎಲ್ಲ ರಾಜ್ಯಗಳಿಗೂ ಆದೇಶಿಸಿತು.

ಈ ಮಾತು ಇಲ್ಲಿ ಏಕೆಂದರೆ, ಇಂದು ಕಾಲೇಜಿಗೆ ಹೋಗುವ ಅನೇಕ ಹುಡುಗಿಯರ ತಾಯಂದಿರು ಮೂವತ್ತು ನಲವತ್ತರ ವಯಸ್ಸಿಗೇ “ಗರ್ಭಚೀಲ ತಗಿಸೀನ್ರಿ” ಎನ್ನುವವರು. ಯಾವ ಕಾಯಿಲೆಗೆ ತೆಗೆದರು ಎಂದರೆ ಉತ್ತರವಿಲ್ಲ. ನೋವು ಕರುಳಿನದಾಗಿದ್ದರೆ ಗರ್ಭಕೋಶ ತೆಗೆದು ಪ್ರಯೋಜನವಿಲ್ಲ. ಎಂಡೊಮೆಟ್ರಿಯೋಸಿಸ್ ಆಗಿದ್ದರೂ ರೋಗ ಇರುವುದು ಗರ್ಭಕೋಶದ ಹೊರಗೆ, ಅದನ್ನು ಬಿಟ್ಟು ಚೀಲವನ್ನಷ್ಟೇ ತೆಗೆದರೆ ನೋವು ಉಳಿಯಬಹುದು. ತಾಯಂದಿರೇ, ನಿಮ್ಮ ಆಪರೇಷನ್ನಿನ ಕಾಗದ, ತುಣುಕು ಪರೀಕ್ಷೆಯ ವರದಿ ಮನೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿ ತೆಗೆಯಿರಿ. ಮಗಳ ವೈದ್ಯರಿಗೆ ಅದು ಅಮೂಲ್ಯ.

ಇನ್ನು ಮದುವೆಯ ಸಲಹೆ. ಬಸಿರಿನ ಕಾಲದಲ್ಲಿ ಮುಟ್ಟು ನಿಲ್ಲುವುದರಿಂದ ಕೆಲವರಲ್ಲಿ ಎಂಡೊಮೆಟ್ರಿಯೋಸಿಸ್ ನೋವು ಸ್ವಲ್ಪ ಕಾಲ ಕಡಿಮೆಯಾಗುವುದುಂಟು. ಅದು ವಿರಾಮವೇ ಹೊರತು ಚಿಕಿತ್ಸೆಯಲ್ಲ. ಕರುಳಿನ ಉರಿಯೂತಕ್ಕಂತೂ ಮದುವೆ ಯಾವ ಔಷಧವೂ ಅಲ್ಲ. ಕಾಯಿಲೆ ಕೆರಳಿರುವಾಗ ಬಸಿರಾದರೆ ತಾಯಿಗೂ ಮಗುವಿಗೂ ಅಪಾಯ ಹೆಚ್ಚು. ನೋವಿನ ಹೆಸರಿನಲ್ಲಿ ಹುಡುಗಿಯ ಓದು ಬಿಡಿಸಿದರೆ ಅವಳಿಗೆ ನೋವೂ ಉಳಿಯುತ್ತದೆ, ಓದೂ ಹೋಗುತ್ತದೆ.

ಮಾಡಬೇಕಾದದ್ದು

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಅದರಲ್ಲಿ ಆರು ಕಾಲಂ ಹಾಕಿ: ದಿನಾಂಕ, ಮುಟ್ಟು ಇತ್ತೇ ಇಲ್ಲವೇ, ನೋವು ಹತ್ತಕ್ಕೆ ಎಷ್ಟು ಮತ್ತು ಎಲ್ಲಿ, ಎಷ್ಟು ಬಾರಿ ಭೇದಿ, ರಕ್ತ ಅಥವಾ ಲೋಳೆ ಕಂಡಿತೇ, ಯಾವ ಗುಳಿಗೆ ಎಷ್ಟು. ಕೊನೆಗೆ ತರಗತಿ ತಪ್ಪಿದ್ದನ್ನೂ ಗುರುತು ಹಾಕಿ. ತಿಂಗಳಿಗೊಮ್ಮೆ ತೂಕ ಬರೆಯಿರಿ. ಇಂಥ ಮೂರು ತಿಂಗಳ ಲೆಕ್ಕ ನೋಡಿದರೆ ನೋವು ಮುಟ್ಟಿನ ಜೊತೆ ಮಾತ್ರ ಬರುತ್ತದೆಯೋ, ತಿಂಗಳಿಡೀ ಇದ್ದು ಮುಟ್ಟಿನಲ್ಲಿ ಹೆಚ್ಚುತ್ತದೆಯೋ ಎಂಬುದು ವೈದ್ಯರಿಗೆ ಕ್ಷಣದಲ್ಲಿ ತಿಳಿಯುತ್ತದೆ. ಆದರೆ ಮಲದಲ್ಲಿ ರಕ್ತ, ತೂಕ ಇಳಿಕೆ, ಜ್ವರ, ರಾತ್ರಿ ಎಬ್ಬಿಸುವ ಭೇದಿ ಇದ್ದರೆ ಮೂರು ತಿಂಗಳು ಕಾಯಬೇಡಿ, ಆ ವಾರವೇ ತೋರಿಸಿ.

ಮೊದಲ ಮೆಟ್ಟಿಲು ನಿಮ್ಮ ತಾಲ್ಲೂಕು ಆಸ್ಪತ್ರೆ. ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್ ಎಲ್ಲಿದೆ ಎಂದು ಅಲ್ಲಿ ಕೇಳಿ. ರಕ್ತಪರೀಕ್ಷೆ, ಮಲಪರೀಕ್ಷೆ, ಹೊಟ್ಟೆಯ ಸ್ಕ್ಯಾನ್‌ಗಳಿಂದ ಆರಂಭ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪದಾರ್ಥದ ಪರೀಕ್ಷೆ ಕರುಳಿನಲ್ಲಿ ಉರಿಯೂತ ಇದೆಯೇ ಎಂದು ಸೂಚಿಸುತ್ತದೆ, ಐಬಿಎಸ್‌ನಿಂದ ಬೇರ್ಪಡಿಸಲು ನೆರವಾಗುತ್ತದೆ. ಮುಂದಿನ ಪರೀಕ್ಷೆಗಳಿಗೆ ಹಾವೇರಿಯ ಜಿಲ್ಲಾ ಆಸ್ಪತ್ರೆ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದಾಗಿನಿಂದ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ತಾಯಿ ಮಗಳಿಗೆ ಅಲ್ಲಿಗೆ ಹೋಗಲು ಟಿಕೆಟ್ಟಿನ ಖರ್ಚೂ ಇಲ್ಲ. ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ.

ಎರಡು ವರದಿಗಳ ಬಗ್ಗೆ ಎಚ್ಚರ. ಸ್ಕ್ಯಾನ್ ನಾರ್ಮಲ್ ಎಂದರೆ ಎಂಡೊಮೆಟ್ರಿಯೋಸಿಸ್ ಇಲ್ಲ ಎಂದಲ್ಲ, ಚಿಕ್ಕ ಚುಕ್ಕೆಗಳು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಹಾಗೆಯೇ ಕೊಲೊನೊಸ್ಕೋಪಿ ನಾರ್ಮಲ್ ಎಂದರೆ ಕರುಳಿಗೆ ಎಂಡೊಮೆಟ್ರಿಯೋಸಿಸ್ ಹತ್ತಿಲ್ಲ ಎಂದೂ ಅಲ್ಲ. ಅದು ಕರುಳಿನ ಹೊರಗೋಡೆಯಿಂದ ಒಳಕ್ಕೆ ಬೆಳೆಯುತ್ತದೆ, ಕೊಲೊನೊಸ್ಕೋಪಿ ನೋಡುವುದು ಒಳಗೋಡೆಯನ್ನು. ಕೊಲೈಟಿಸ್ ಮಾತ್ರ ಒಳಗೋಡೆಯಲ್ಲೇ ಇರುವುದರಿಂದ ಕೊಲೊನೊಸ್ಕೋಪಿಯಲ್ಲಿ ಸಿಗುತ್ತದೆ. ಆದ್ದರಿಂದ ಸ್ತ್ರೀರೋಗ ತಜ್ಞರಿಗೆ ಭೇದಿಯ ವಿಷಯವನ್ನೂ ಹೊಟ್ಟೆಯ ತಜ್ಞರಿಗೆ ಮುಟ್ಟಿನ ವಿಷಯವನ್ನೂ ನೀವಾಗಿಯೇ ಹೇಳಬೇಕು. ನಾಚಿಕೆಯಿಂದ ಅರ್ಧ ಮಾತು ನುಂಗಿದರೆ ಅರ್ಧ ಉತ್ತರವೇ ಸಿಗುತ್ತದೆ.

ಮದುವೆಯಾಗದ ಹುಡುಗಿಗೆ ಒಳಪರೀಕ್ಷೆ ಮಾಡುತ್ತಾರೆಂದು ಅನೇಕ ಮನೆಯವರು ಹಿಂಜರಿಯುತ್ತಾರೆ. ಅದು ಅನಿವಾರ್ಯವಲ್ಲ. ಹೊಟ್ಟೆಯ ಮೇಲಿನಿಂದ ಸ್ಕ್ಯಾನ್, ಬೇಕಾದರೆ ಎಂಆರ್‌ಐ ಮಾಡಿಸಬಹುದು. ಮೊದಲು ಎಂಡೊಮೆಟ್ರಿಯೋಸಿಸ್ ಖಚಿತಪಡಿಸಲು ಲ್ಯಾಪ್ರೊಸ್ಕೋಪಿ ಬೇಕೇಬೇಕು ಎನ್ನುತ್ತಿದ್ದರು. 2022ರ ಯುರೋಪಿನ ಮಾರ್ಗಸೂಚಿ ಈ ಪಟ್ಟನ್ನು ಸಡಿಲಿಸಿದೆ. ಲಕ್ಷಣ ನೋಡಿ ಹಾರ್ಮೋನು ಗುಳಿಗೆಯಿಂದ ಚಿಕಿತ್ಸೆ ಆರಂಭಿಸಬಹುದು.

ಹಾರ್ಮೋನು ಗುಳಿಗೆ ಎಂದ ಕೂಡಲೆ “ಅದು ಮಕ್ಕಳಾಗದ ಹಾಗ ಮಾಡೂದಲ್ಲೇನ್ರಿ?” ಎಂಬ ಅಂಜಿಕೆ ಬರುತ್ತದೆ. ಇಲ್ಲಿ ಅದನ್ನು ಕೊಡುವುದು ಜಾಗ ತಪ್ಪಿದ ಪದರವನ್ನು ತಣ್ಣಗಿರಿಸಲು. ನಿಲ್ಲಿಸಿದ ಮೇಲೆ ಮುಟ್ಟು ಮರಳುತ್ತದೆ. ಎಂಡೊಮೆಟ್ರಿಯೋಸಿಸ್ ಇರುವ ಕೆಲವರಿಗೆ ಮುಂದೆ ಗರ್ಭಧಾರಣೆ ಕಷ್ಟವಾಗಬಹುದು, ಆದರೆ ಅನೇಕರಿಗೆ ಮಕ್ಕಳಾಗುತ್ತವೆ. ಕರುಳಿನ ಉರಿಯೂತಕ್ಕೂ ಮೆಸಲಮೈನ್‌ನಿಂದ ಹಿಡಿದು ರೋಗನಿರೋಧಕ ವ್ಯವಸ್ಥೆಯನ್ನು ಹದಗೊಳಿಸುವ ಔಷಧಗಳವರೆಗೆ ದಾರಿಗಳಿವೆ. ಎರಡೂ ಬಹುಕಾಲ ಜೊತೆಗಿರುವ ಕಾಯಿಲೆಗಳು. ಆರಾಮಾಯಿತೆಂದು ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ. ಹತೋಟಿಯಲ್ಲಿಟ್ಟುಕೊಂಡು ಓದಬಹುದು, ನೌಕರಿ ಮಾಡಬಹುದು, ಸಂಸಾರ ಹೂಡಬಹುದು.

ತಂದೆಯವರಿಗೂ ಮಾಸ್ತರರಿಗೂ ಒಂದು ಮಾತು. ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಸರಕಾರವೇ ಬಾಯಿಬಿಟ್ಟು ಮಾತನಾಡಿದ ವಿಷಯವನ್ನು ಮನೆಯಲ್ಲಿ “ಆರಾಮಿಲ್ಲ” ಎಂಬ ಒಂದು ಮಾತಿನ ಹಿಂದೆ ಬಚ್ಚಿಡಬೇಕಾಗಿಲ್ಲ. ಆದರೆ ರಜೆ ಕೊಟ್ಟರೆ ಕಾಯಿಲೆ ಪತ್ತೆಯಾದಂತಲ್ಲ. ಒಬ್ಬ ಹುಡುಗಿಯ ಹಾಜರಿ ಪ್ರತಿ ತಿಂಗಳೂ ಅದೇ ದಿನಗಳಲ್ಲಿ ತಪ್ಪುತ್ತಿದ್ದರೆ ಅದನ್ನು ಮೊದಲು ಕಾಣುವವರು ಹಾಜರಿ ಪುಸ್ತಕ ಇಟ್ಟ ಮಾಸ್ತರರೇ. ಗದರಿಸುವ ಬದಲು ಮನೆಯವರಿಗೆ ಒಂದು ಮಾತು ಹೇಳಿ ಕಳಿಸಿದರೆ ಅವಳಿಗೆ ಒಂದು ವರ್ಷವನ್ನೇ ಉಳಿಸಿಕೊಟ್ಟಂತಾದೀತು.

ಆರಂಭದಲ್ಲಿ ಹೇಳಿದ ಹುಡುಗಿಯ ಬಳಿ ಆ ನೋಟ್‌ಬುಕ್ ಇದ್ದಿದ್ದರೆ, ಮೂಲವ್ಯಾಧಿಯೋ, ಆಮಶಂಕೆಯೋ, ಪರೀಕ್ಷೆಯ ಹೆದರಿಕೆಯೋ ಎಂದು ಊಹೆ ಮಾಡುತ್ತ ಕೂಡ್ರಬೇಕಾಗುತ್ತಿರಲಿಲ್ಲ. ಈ ಭಾನುವಾರ ಪೇಟೆಗೆ ಹೋದಾಗ ಮಗಳಿಗೊಂದು ನೋಟ್‌ಬುಕ್ ತಂದುಕೊಡಿ. ಮೊದಲ ಪುಟಕ್ಕೆ ಗೆರೆ ಹಾಕುವಾಗ ಅವಳ ಪಕ್ಕದಲ್ಲಿ ಕೂತುಕೊಳ್ಳಿ.